ಗಂಟಲು ಯಾರದು, ಗೌರಿ ಯಾರ ಕಡೆ?

ನಿಮ್ಮ ದನಿಯನ್ನು ಯಾರಾದರೂ ಕದ್ದಿದ್ದಾರೆಯೇ? ನಮ್ಮ ಸೋದರಮಾವನದ್ದು ಕಳುವಾಗಿದೆ. ಹೋದ ತಿಂಗಳು ಸಂತೆಬಾಚಹಳ್ಳಿಯಲ್ಲಿ ಆ ಕೇಸಿಗೆ ನಾನೇ ಜಡ್ಜ್. (ಪೇಪರಿನಲ್ಲಿ ಬರೆಯುವವನಿಗೆ ಕಾನೂನು ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಉಳಿದಿದೆ. ಅದನ್ನು ಕೆಡಿಸಲು ನಾನೂ ಹೋಗಿಲ್ಲ.)

ನಡೆದದ್ದಿಷ್ಟು. ಮಾವ ನಂಜೇಗೌಡನ ಹಸು ಗೌರಿ ಕೆರೆ ಏರಿಯ ಕೆಳಗೆ ಮೇಯುತ್ತಾಳೆ. ಸಂಜೆ ಮಾವ ಹಿತ್ತಲಲ್ಲಿ ನಿಂತು "ಓಯ್, ಬಾರವ್ವ ಗೌರೀ" ಎಂದು ಒಂದು ರಾಗ ಎಳೆಯುತ್ತಾನೆ. ಅವಳು ಬರಬೇಕು, ಹಾಲು ಕರೆಯಬೇಕು, ಡೈರಿಯವರು ಬಾಗಿಲು ಹಾಕುವುದರೊಳಗೆ ಕ್ಯಾನು ಮುಟ್ಟಿಸಬೇಕು. ಮಾವನ ಸಂಸಾರ ನಡೆಯುವುದೇ ಆ ಹಾಲಿನಲ್ಲಿ.

ಹೋದ ವರ್ಷ ನಾಗಮಂಗಲದ ಗಾಯಕ ಲೋಕೇಶ ಟೇಪ್ ರೆಕಾರ್ಡರ್ ಹಿಡಿದು ಬಂದಿದ್ದ. ಅವನ ಕ್ಯಾಸೆಟ್ಟಿಗೆ 'ಹಳ್ಳಿ ಎಫೆಕ್ಟ್' ಬೇಕಂತೆ. ಮಾವ ಖುಷಿಯಿಂದ ಕೂಗಿದ. ಕೂಗಿದ್ದಲ್ಲದೆ ಮುದ್ದೆ ಬಸ್ಸಾರು ಬಡಿಸಿ ಕಳಿಸಿದ. ಈಗ ಬಸ್ ಸ್ಟಾಪಿನ ಹೋಟೆಲ್ ಜವರಣ್ಣ ದಿನಾ ಸಂಜೆ ಅದೇ ಕ್ಯಾಸೆಟ್ ಹಾಕುತ್ತಾನೆ. ಪಲ್ಲವಿ ಬಂದಾಗಲೆಲ್ಲ ಮಾವನ ಕೂಗು. ಗೌರಿ ನೆಟ್ಟಗೆ ಹೋಟೆಲಿಗೇ ಹೋಗುತ್ತಾಳೆ! ಗಿರಾಕಿಗಳಿಗೆ ತಮಾಷೆ. ಜವರಣ್ಣ ಒಣಗಿದ ಬನ್ನು ಕೊಡುತ್ತಾನೆ. ಬನ್ನು ತಿಂದು, ಊರು ಸುತ್ತಿ ಅವಳು ಮನೆ ಸೇರುವಷ್ಟರಲ್ಲಿ ಡೈರಿ ಬಂದ್.

ಮಾವ ಲೋಕೇಶನನ್ನು ಕರೆಸಿದ. ಮಾವನ ಮನೆ ಜಗಲಿಯ ಮೇಲೆ ವಿಚಾರಣೆ. ಲೋಕೇಶ ಸುಮ್ಮನೆ ಕೂರುವ ಆಸಾಮಿಯಲ್ಲ. ಇದು ಜಾನಪದ, ಸುತ್ತಿನ ತಾಲ್ಲೂಕುಗಳಲ್ಲೆಲ್ಲ ಹಸುವನ್ನು ಹೀಗೇ ಕರೆಯುತ್ತಾರೆ, ಇದಕ್ಕೆಲ್ಲ ಕಾಪಿರೈಟ್ ಇಲ್ಲ ಎಂದ. (ಅವನ ಹಾಡಿನ ಟ್ಯೂನು ಒಂದು ಸಿನಿಮಾ ಹಾಡಿನದು. ಕೇಳಿದರೆ, ಸ್ವರದಲ್ಲಿ ಅವರು ಮೇಲೆ ಹೋದ ಕಡೆ ನಾನು ಕೆಳಗೆ ಇಳಿದಿದ್ದೀನಲ್ಲ ಸಾರ್ ಅನ್ನುತ್ತಾನೆ.)

ಮಾವ ಎಲೆಯಡಿಕೆ ಉಗಿದು ಬಂದು ಹೇಳಿದ: "ಕೂಗು ಎಲ್ಲಾರ್ದೂವೆ, ಬುಡು. ಗಂಟ್ಲು ನಂದು ಕಣ್ಲಾ. ನನ್ ದನಿ ನಂಗೆ ವಾಪಸ್ ಕೊಡು."

ಎಂಥ ಪಾಯಿಂಟು! ದೊಡ್ಡ ದೊಡ್ಡ ವಕೀಲರು ಕರಿ ಕೋಟು ಹಾಕಿಕೊಂಡು ಹೇಳುವುದೂ ಇಷ್ಟೇ. ಆಗಲೇ ತೀರ್ಪು ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಜಡ್ಜ್ ಅಂದ ಮೇಲೆ ಸಾಕ್ಷಿ ಬೇಡವೇ? ಗೌರಿಯನ್ನೇ ಕೇಳೋಣ ಎಂದೆ.

ಅವಳನ್ನು ರಸ್ತೆ ಮಧ್ಯೆ ನಿಲ್ಲಿಸಿದೆವು. ಆ ಕಡೆ ಜವರಣ್ಣನ ಟೇಪ್ ರೆಕಾರ್ಡರ್, ಈ ಕಡೆ ಮಾವ. ಎರಡೂ ಕಡೆಯಿಂದ ಒಂದೇ ಕೂಗು. ಮಾವ ಕತ್ತಿನ ನರ ಉಬ್ಬಿಸಿ ಕೂಗಿದ. ಗೌರಿ ಒಮ್ಮೆ ಅವನನ್ನು ನೋಡಿದಳು. ಬಾಲ ಬೀಸಿ ಟೇಪ್ ರೆಕಾರ್ಡರ್ ಕಡೆ ನಡೆದಳು. ಊರು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆಮೇಲೆ ಮಾವನ ಮುಖ ನೋಡಿ ನಗು ನಿಲ್ಲಿಸಿದೆ.

"ಕರ ಆಗಿದ್ದಾಗ್ಲಿಂದ ಸಾಕಿವ್ನಿ," ಅಂದನಷ್ಟೆ.

ಡೈರಿಯವರು ದುಃಖಕ್ಕೆ ಕಾಯುತ್ತಾರೆಯೇ? ಮಾರನೆಯ ದಿನವೇ ಮಾವ ಕೆ.ಆರ್. ಪೇಟೆಗೆ ಹೋಗಿ ಆ ಕ್ಯಾಸೆಟ್ಟನ್ನೂ ಒಂದು ಟೇಪ್ ರೆಕಾರ್ಡರನ್ನೂ ಕೊಂಡು ತಂದ. ಜವರಣ್ಣ ದೊಡ್ಡ ಮನಸ್ಸು ಮಾಡಿ ಸಂಜೆ ಹೊತ್ತು ವಾಲ್ಯೂಮ್ ಇಳಿಸಿದ್ದಾನೆ. ಈಗ ಕೊಟ್ಟಿಗೆ ಕಿಟಕಿಯಲ್ಲಿ ಮಾವನ ದನಿ ಕೂಗುತ್ತದೆ. ಮಾವ ಪಕ್ಕದಲ್ಲಿ ಚೆಂಬು ಹಿಡಿದು ಸುಮ್ಮನೆ ನಿಂತಿರುತ್ತಾನೆ. (ಬನ್ನೂ ಇರುತ್ತದೆ.) ಗೌರಿ ಟೈಮಿಗೆ ಸರಿಯಾಗಿ ಬರುತ್ತಾಳೆ.

ಟೇಪು ಸವೆದರೆ ಕಷ್ಟ ಎಂದು ಮಾವ ಇನ್ನೊಂದು ಕಾಪಿ ಮಾಡಿಸಲು ಹೊರಟ. ಸುದ್ದಿ ತಿಳಿದ ಲೋಕೇಶ ಬಂದು ತಡೆದು ಕ್ಯಾಸೆಟ್ಟಿನ ಕವರು ತೋರಿಸಿದನಂತೆ: ಇದರಲ್ಲಿರುವ ದನಿಯನ್ನು ನಕಲು ಮಾಡುವುದು ಅಪರಾಧ.

ಹಾಗಾದರೆ ಕರೆಂಟು ಹೋದ ಸಂಜೆ ನಮ್ಮ ಮಾವ ಬಾಯಿ ಬಿಟ್ಟರೆ, ಪೊಲೀಸರು ಬರುತ್ತಾರೆಯೇ?