ಅಳಿವೆಯ ಮರಳಲ್ಲಿ ತೋಡಿದ ಒರತೆ

ಮಧ್ಯಾಹ್ನ ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ ನಾವು ತೋಡಿದ ಗುಂಡಿಯಲ್ಲಿ ನೀರು ಬಂತು. ಅಣ್ಣ ಕೈಗಡಿಯಾರ ನೋಡಿ ಹೇಳಿದ್ದರಿಂದ ಹೊತ್ತು ನೆನಪಿದೆ.

"ಎಷ್ಟ ಲಗೂ ಬಂತ ನೋಡು! ನಮ್ಮ ಹೊಳ್ಯಾಗಾದ್ರ ಮೊಣಕೈ ಮಟ ತೋಡಬೇಕಾಗತಿತ್ತು" ಎಂದ. ಅವನ ಹೆಂಡತಿ, ನನ್ನ ವೈನಿ, ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ. ಸಮುದ್ರ ನಮ್ಮ ಕಡೆಗೆ ಹೊರಟಿದೆ ಎಂಬ ಮೊದಲ ಸುದ್ದಿ ಅದು. ನಾವು ಅದನ್ನು ಚಪ್ಪಾಳೆ ತಟ್ಟಿ ಬರಮಾಡಿಕೊಂಡೆವು.

ಹೊಳೆ ಸಮುದ್ರವನ್ನು ಸೇರುವ ಬಾಯಿಗೆ ಇಲ್ಲಿಯವರು ಅಳಿವೆ ಎನ್ನುತ್ತಾರೆ. ಕುಮಟೆಯ ಹತ್ತಿರ ಅಘನಾಶಿನಿಯ ಅಳಿವೆ ಇದೆ. ಅದರ ದಂಡೆಯ ಒಂದು ಹಳ್ಳಿಯ ಶಾಲೆಗೆ ನಾನು ಅಕ್ಕೋರಾಗಿ ಬಂದೆ. ಹೆಣ್ಣು ಶಿಕ್ಷಕಿಗೆ ಇಲ್ಲಿ ಅಕ್ಕೋರು ಎನ್ನುವುದು ರೂಢಿ. ಧಾರವಾಡದಲ್ಲಿ ಬಿ.ಎ. ಮುಗಿಸಿ ಗಜೇಂದ್ರಗಡಕ್ಕೆ ಮರಳಿದಾಗ ನನ್ನ ಪದವಿಗೆ ಅಲ್ಲಿದ್ದ ಕೆಲಸವೆಂದರೆ ವೈನಿಯ ಅಡಿಗೆಮನೆಯಲ್ಲಿ ಬೇಳೆ ಆರಿಸುವುದು. ಆದ್ದರಿಂದ ಈ ನೌಕರಿಯ ಆದೇಶ ಬಂದಾಗ ಊರು ಎಲ್ಲಿದೆ ಎಂದು ಕೂಡ ಕೇಳದೆ ಹೊರಟುಬಿಟ್ಟೆ.

ಬಂದ ಮೇಲೆ ಗೊತ್ತಾಯಿತು, ನಾನು ನೀರಿನ ನಡುವೆ ಬಂದು ಬಿದ್ದಿದ್ದೇನೆ ಎಂದು. ನಮ್ಮಲ್ಲಿ ಒಂದು ಕೊಡ ನೀರಿಗೆ ಸರದಿ ನಿಲ್ಲುತ್ತೇವೆ, ಇಲ್ಲಿ ಪ್ರತಿ ಹಿತ್ತಲಿಗೂ ಒಂದು ಬಾವಿ. ನಮ್ಮೂರ ಹತ್ತಿರದ ಸೂಡಿಯ ಕಲ್ಲಿನ ಹೊಂಡದಲ್ಲಿ ನೀರು ಇಟ್ಟಲ್ಲಿ ಇರುತ್ತದೆ, ಇಲ್ಲಿಯ ನೀರಿಗೆ ನಿಂತು ಗೊತ್ತಿಲ್ಲ. ಏರಿ ಬಂದರೆ ಭರತ, ಇಳಿದು ಹೋದರೆ ಇಳಿತ. ಊರಿಂದ ಡಬ್ಬಿ ತುಂಬ ತಂದ ಖಡಕ್ ರೊಟ್ಟಿ ಈ ಹವೆಗೆ ಬೆಳಗಾಗುವುದರೊಳಗೆ ಹಳೇ ಅರಿವೆಯ ಹಾಗೆ ಮೆತ್ತಗಾಯಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಅತ್ತಿದ್ದನ್ನು ಯಾರಿಗೂ ಹೇಳಿಲ್ಲ.

ಮನೆಯೊಡತಿ ದೇವಮ್ಮ ಒಳ್ಳೆಯವಳು. ಹೊಳೆದಂಡೆಯ ತನ್ನ ಮನೆಯ ಪಕ್ಕದ ಕೋಣೆಯನ್ನೇ ನನಗೆ ಬಾಡಿಗೆಗೆ ಕೊಟ್ಟಿದ್ದಳು. ನನ್ನ ಮಾತು ಕೇಳಿ ನಗುತ್ತಿದ್ದಳು. "ಎಂತ ಅಕ್ಕೋರೆ, ನೀವು ಮಾತಾಡಿದ್ರೆ ಜಗಳ ಮಾಡ್ದಂಗೆ ಕೇಳ್ತದೆ!" ಆದರೂ ಶಾಲೆ ಮುಗಿದ ಮೇಲೆ ಮಾತಿಗೆ ಯಾರೂ ಇರುತ್ತಿರಲಿಲ್ಲ. ರವಿವಾರ ಒಬ್ಬಳೇ ತಿರುಗಾಡಲು ಹೋಗುತ್ತಿದ್ದೆ. ಈ ಕಡೆ ನೋಡುವಂಥ ಜಾಗಗಳಿಗೆ ಕೊರತೆಯಿಲ್ಲ. ದೋಣಿಯಲ್ಲಿ ಹೊಳೆ ದಾಟಿದರೆ ಗೋಕರ್ಣ. ಒಳಗಡೆ ಮಿರ್ಜಾನದ ಕೋಟೆ. ನರಗುಂದದಲ್ಲಾಗಲಿ ನಮ್ಮ ಗಜೇಂದ್ರಗಡದಲ್ಲಾಗಲಿ ಕೋಟೆ ಗುಡ್ಡದ ನೆತ್ತಿಯ ಮೇಲೆ ಬಿಸಿಲು ಕಾಯಿಸುತ್ತ ಕೂತಿರುತ್ತದೆ, ಹರದಾರಿ ದೂರದಿಂದಲೇ ಕಾಣುತ್ತದೆ. ಮಿರ್ಜಾನದ್ದು ಹಾಗಲ್ಲ. ಅದು ಕೆಂಪು ಕಲ್ಲಿನದು, ಪಾಚಿ ಹಿಡಿದದ್ದು, ಗಿಡಗಳ ನಡುವೆ ಅಡಗಿದ್ದು. ಎದುರಿಗೇ ಬಂದು ನಿಂತ ಮೇಲೆ "ಇಲ್ಲಿದ್ದೇನೆ" ಎನ್ನುವಂತೆ ಕಾಣುತ್ತದೆ. ಚೆಂದವಿತ್ತು. ಆದರೆ ಚೆಂದವಾದದ್ದನ್ನು ನೋಡಿ "ಇಲ್ಲಿ ನೋಡು" ಎನ್ನಲು ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಅದು ಅರ್ಧ ಮಾತ್ರ ಕಾಣುತ್ತದೆ. ಅದಕ್ಕೇ ಅಣ್ಣನಿಗೆ ಮೇಲಿಂದ ಮೇಲೆ ಬರೆದೆ: ಬನ್ನಿ, ಸಮುದ್ರ ತೋರಿಸುತ್ತೇನೆ.

ಏಕೀಕರಣವಾದ ಮರುವರ್ಷ, ಸುಗ್ಗಿ ಮುಗಿದ ಮೇಲೆ ಅವರು ಬಂದರು. ಅಣ್ಣ ಗಜೇಂದ್ರಗಡದ ಪೇಟೆಯಲ್ಲಿ ಹತ್ತಿ ವ್ಯಾಪಾರ ಮಾಡುವವನು. ವೈನಿ ಗಂಗವ್ವನ ತವರು ಹೊಳೆಮಣ್ಣೂರು. ಮಲಪ್ರಭೆಯ ನೆರೆ ಬಂದಾಗ ಮಾಳಿಗೆ ಹತ್ತಿ ಕೂತು ಬೆಳೆದವಳು ಅವಳು. ಮೊದಲ ದಿನ ಗೋಕರ್ಣ ನೋಡಿದೆವು, ಎರಡನೆಯ ದಿನ ಮಿರ್ಜಾನದ ಕೋಟೆ. ಕೋಟೆಯಲ್ಲಿ ಅಣ್ಣ ಒಂದೊಂದು ಬುರುಜಿನ ಮೇಲೂ ನಿಂತು "ನಮ್ಮ ಗಡದ ಮುಂದ ಇದೇನ ಬಿಡ" ಎಂದ. ಬಹಳ ದಿನಗಳ ಮೇಲೆ ನಾನು ಹೊಟ್ಟೆ ತುಂಬ ನಕ್ಕೆ.

ಮೂರನೆಯ ದಿನ ಅಳಿವೆಗೆ ಹೋದೆವು. ಇಳಿತದ ಹೊತ್ತು. ಹೊಳೆಯ ನಡುವೆ ದೊಡ್ಡ ಮರಳ ದಿಬ್ಬ ಎದ್ದಿತ್ತು. ದಂಡೆಗೂ ಅದಕ್ಕೂ ನಡುವೆ ಕಾಲಿನ ಹರಡು ಮುಳುಗುವಷ್ಟೇ ನೀರು.

"ಏ ಪಾರೂ, ಇದು ನಮ್ಮ ಬ್ಯಾಸಿಗಿ ಹೊಳೀನ ಅಲ್ಲೇನ! ಬುತ್ತಿ ಅಲ್ಲೇ ಬಿಚ್ಚೂಣು ನಡಿ" ಎಂದ ಅಣ್ಣ.

ಭರತ ಇಳಿತಗಳು ನನಗೆ ಗೊತ್ತಿರಲಿಲ್ಲವೆಂದಲ್ಲ. ಚಂದ್ರನ ಸೆಳೆತದ ಪಾಠ ನಾನೇ ಮಕ್ಕಳಿಗೆ ಮಾಡಿದ್ದೆ. ಆದರೆ ಮರಳಿನ ಮೇಲೆ ಬುತ್ತಿಯ ಗಂಟು ಬಿಚ್ಚಿ, ಶೇಂಗಾ ಚಟ್ನಿಯ ವಾಸನೆ ಬಂದ ಮೇಲೆ ನಾನು ಅಳಿವೆಯಲ್ಲಿ ಇರಲೇ ಇಲ್ಲ. ನಮ್ಮ ಹೊಳೆಯಲ್ಲಿದ್ದೆ. ಹೊಳೆಯ ಮರಳಿನಲ್ಲಿ ಊಟಕ್ಕೆ ಕೂತಾಗ ನಮ್ಮವರು ಏನು ಮಾಡುತ್ತಾರೆ? ಕುಡಿಯಲು ಒರತೆ ತೋಡುತ್ತಾರೆ. ನಾವೂ ತೋಡಿದೆವು.

ಅಣ್ಣ ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡವನೇ ಉಗುಳಿದ. "ಥೂ! ಬರೇ ಉಪ್ಪು!"

"ಮೊದಲನೇ ನೀರು ಹಂಗ ಇರತೈತ್ರಿ" ಎಂದಳು ವೈನಿ. "ಚೆಲ್ಲ್ರಿ. ನಾಕ ಸಲ ಚೆಲ್ಲಿದ್ರ ಸಿಹಿ ನೀರು ಬರತೈತಿ. ವ್ಯಾಪಾರದವ್ರಿಗೆ ಹೊಳೀ ಸುದ್ದಿ ಏನ ಗೊತ್ತ!"

ನಮ್ಮಲ್ಲಿ ಒರತೆಯ ಮೊದಲ ನೀರನ್ನು ಹೀಗೇ ಚೆಲ್ಲುತ್ತಾರೆ. ತಂಬಿಗೆ ತಂಬಿಗೆ ಚೆಲ್ಲಿದೆವು. ಚೆಲ್ಲಿದಷ್ಟೂ ಬೇಗ ತುಂಬಿತು. ಗುಂಡಿಯ ಅಂಚು ಕುಸಿದಾಗ "ಏನ್ ಸೆಲಿ ಐತಪಾ ಇದಕ್ಕ!" ಎಂದು ಅಣ್ಣ ಹಿಗ್ಗಿದ. ನೀರು ಸಿಹಿಯಾಗುವ ದಾರಿ ಕಾಯುತ್ತ ಉಂಡೆವು. ನೆರೆ ಕಂಡವಳಾದ್ದರಿಂದ ವೈನಿ ಮಾತ್ರ ನಡುನಡುವೆ ಮೇಲ್ಹೊಳೆಯ ಕಡೆ, ಘಟ್ಟದ ಕಡೆ ಕಣ್ಣು ಹಾಯಿಸುತ್ತಿದ್ದಳು. ಅಲ್ಲಿ ಮೋಡವಿರಲಿಲ್ಲ, ನೀರಿಗೆ ಕೆಂಪೂ ಬಂದಿರಲಿಲ್ಲ. ಅವಳ ಲೆಕ್ಕದಲ್ಲಿ ನೀರು ಮೇಲಿನಿಂದ ಬರುವಂಥದು. ಇಲ್ಲಿ ಅದು ನಮ್ಮ ಬೆನ್ನ ಹಿಂದಿನಿಂದ, ಸಮುದ್ರದ ಕಡೆಯಿಂದ, ಒಂದಿಷ್ಟೂ ಸಪ್ಪಳ ಮಾಡದೆ ಬರುತ್ತಿತ್ತು.

ಬುತ್ತಿಯ ಅರಿವೆಯ ತುದಿ ತೊಯ್ದಾಗ ಎದ್ದು ನೋಡಿದೆ. ದಿಬ್ಬ ಅರ್ಧವಾಗಿತ್ತು. ನಾವು ಸೀರೆ ಎತ್ತಿ ದಾಟಿ ಬಂದಿದ್ದ ಜಾಗದಲ್ಲಿ ನೀರು ಒಳಮುಖವಾಗಿ ಓಡುತ್ತಿತ್ತು. ಹೊಳೆ ಹಿಂದಕ್ಕೆ ಹರಿಯುವುದನ್ನು ಅಣ್ಣ ವೈನಿ ಕಂಡಿರಲಿಲ್ಲ, ನಾನೂ ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ವೈನಿ "ಯವ್ವಾ, ಉಲ್ಟಾ ಹೊಂಟೈತಿ" ಎಂದಳಷ್ಟೇ. ಮೂವರೂ ಕೈ ಹಿಡಿದು ಇಳಿದೆವು. ನೀರು ಸೊಂಟಕ್ಕೆ ಬಂತು, ನಂತರ ಎದೆಗೆ. ಕಾಲ ಕೆಳಗಿನ ಮರಳು ಸರಿಯಿತು. ವೈನಿಯ ಕೈ ನನ್ನ ಕೈಯಿಂದ ಜಾರಿತು. ಅವಳ ಹಸಿರು ಸೀರೆ ನೀರಿನ ಮೇಲೆ ಉಬ್ಬಿ ದೂರ ಹೋಗುವುದನ್ನು ಕಂಡೆ. ಅವಳ ಮುಖ ಕಾಣಲಿಲ್ಲ. ಅಣ್ಣ "ಗಂಗಾ!" ಎಂದು ಕೂಗಿದ. ಹೆಂಡತಿಯ ಹೆಸರನ್ನು ಅವನು ನನ್ನೆದುರು ಕೂಗಿದ್ದು ಅದೇ ಮೊದಲು.

ಬಲೆ ಎತ್ತಲು ಹೊರಟಿದ್ದ ಒಂದು ದೋಣಿಯವರು ನೋಡಿದರು. ವೈನಿಯನ್ನು ಜಡೆ ಹಿಡಿದು ಎಳೆದುಕೊಂಡು, ಆಮೇಲೆ ನಮ್ಮಿಬ್ಬರನ್ನೂ ಹತ್ತಿಸಿಕೊಂಡರು. ದಂಡೆಯಲ್ಲಿ ಬೋರಲು ಮಲಗಿಸಿದಾಗ ವೈನಿ ನೀರು ಕಾರಿದಳು. ಕಣ್ಣು ಬಿಟ್ಟ ಮೇಲೆ ಅವಳ ಮೊದಲ ಮಾತು "ತಂಬಿಗಿ ಎಲ್ಲೈತಿ?"

ಇಷ್ಟೇ ನಡೆದದ್ದು. ಆದರೆ ನನಗೆ ಅದು ಮುಗಿಯಲಿಲ್ಲ.

ಹೊರಡುವ ದಿನ ಅಣ್ಣ ಹೇಳಿದ: "ನೀನೂ ನಡಿ ನಮ್ಮ ಕೂಡ. ಈ ನೀರಿನ ಬಾಯಾಗ ನಿನ್ನ ಬಿಟ್ಟು ನಾ ಹ್ಯಾಂಗ ಉಣ್ಣಲಿ?"

"ಪರೀಕ್ಷಾ ಮುಗೀಲಿ ಅಣ್ಣಾ" ಎಂದೆ.

"ಹಂಗಾರ ಪರೀಕ್ಷಾ ಮುಗಿದ ಕೂಡ್ಲೆ ಬರ್ತೀನಿ. ರಾಜೀನಾಮಿ ಬರದಿಡು, ಟ್ರಂಕ್ ಕಟ್ಟಿಡು."

ಅವರು ಹೋದ ಮೇಲೆ ನಿದ್ದೆಯೂ ಹೋಯಿತು. ಕಣ್ಣು ಮುಚ್ಚಿದರೆ ಕೈಯಿಂದ ಕೈ ಜಾರುತ್ತಿತ್ತು. ಭರತ ಏರುವಾಗ ಹಿತ್ತಲಿನ ಕಲ್ಲಿಗೆ ನೀರು ತಾಗುವ ಸಣ್ಣ ಸಪ್ಪಳವನ್ನು ಮೊದಲೆಲ್ಲ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಅದಕ್ಕಾಗಿ ಕಾಯುತ್ತ ಎದ್ದು ಕೂರುತ್ತಿದ್ದೆ. ಪಾಠ ಹೇಳುತ್ತಿರುವಾಗ ಕರಿಹಲಗೆಯ ಮೇಲೆ ಅಕ್ಷರ ತೇಲಿದಂತಾಗುತ್ತಿತ್ತು. ಊರಿಗೆಲ್ಲ ನಮ್ಮ ಕಥೆ ನಗೆಯಾಗಿತ್ತು. ಮೀನು ಮಾರುವ ಹೆಂಗಸರು ದಾರಿಯಲ್ಲಿ ಸಿಕ್ಕಾಗ "ಅಕ್ಕೋರೆ, ಇವತ್ತು ಬಾವಿ ತೋಡುದಿಲ್ವಾ?" ಎನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಬದುಕಿ ಉಳಿದವರನ್ನು ಇಲ್ಲಿಯವರು ನಗಿಸಿಯೇ ಸಂತೈಸುತ್ತಾರೆಂದು ಕಾಣುತ್ತದೆ. ನನಗೆ ಮಾತ್ರ ನಗು ಬರಲಿಲ್ಲ. ದೇವಮ್ಮ ಹಾಲಿಗೆ ಜಾಯಿಕಾಯಿ ತೇದು ಕೊಟ್ಟಳು. "ನಾನು ನಿಮ್ಮ ಕೋಣೆಯಲ್ಲೇ ಮಲಗ್ತೆ" ಎಂದಳು. ಬೇಡವೆಂದೆ. ಒಂಟಿಯಾಗಿ ಇರಬಲ್ಲೆನೆಂದು ಹೇಳಿ ಬಂದವಳು ನಾನು. ನಿದ್ದೆ ಬರದಿದ್ದರೆ ಈ ಕೆಲಸ ಉಳಿಯುವುದಿಲ್ಲ, ಕೆಲಸ ಹೋದರೆ ಮತ್ತೆ ಬೇಳೆ ಆರಿಸುವುದೇ ಗತಿ. ಇದು ಗೊತ್ತಿದ್ದೂ ಪರೀಕ್ಷೆ ಮುಗಿದ ಸಂಜೆ ರಾಜೀನಾಮೆ ಬರೆದಿಟ್ಟೆ, ಟ್ರಂಕಿಗೆ ಹಗ್ಗ ಬಿಗಿದೆ.

ಮರುದಿನ ಇಳಿಹೊತ್ತಿಗೆ ಅಣ್ಣ ಬಂದ. ಊಟ ಮಾಡಿದ. ಸೆಖೆ ಎಂದು ಗೊಣಗಿ ನನ್ನ ಕೋಣೆಯ ಹೊಸ್ತಿಲಿಗೆ ಅಡ್ಡವಾಗಿ ಜಗುಲಿಯಲ್ಲಿ ಕಂಬಳಿ ಹಾಸಿ ಮಲಗಿದ. ಅವನ ಕೆಮ್ಮು, ಅವನು ಮಗ್ಗಲು ಬದಲಿಸಿದ ಸಪ್ಪಳ ಕೇಳಿಸಿತು. ಆಮೇಲೆ ನನಗೇನೂ ಕೇಳಿಸಲಿಲ್ಲ.

ಎದ್ದಾಗ ಅಂಗಳದಲ್ಲಿ ಬಿಸಿಲು. ಅಣ್ಣ ಚಹಾ ಕುಡಿಯುತ್ತ ದೇವಮ್ಮನೊಡನೆ ಮಾತಾಡುತ್ತಿದ್ದ. ಅವನ ಕಣ್ಣು ಕೆಂಪಾಗಿದ್ದವು.

"ನಿದ್ದಿ ಬರೂದಿಲ್ಲ ಅಂತ ಇವ್ರು ಹೇಳಿದ್ರು. ಖರೇ ಏನಂತ ನಾ ಎದ್ದ ಕುಂತ ನೋಡೇನಿ. ನೀರು ಕಲ್ಲಿಗೆ ಬಡದ ಬಡದ ಹೋತು. ನೀ ಏಳಲಿಲ್ಲ. ಸಣ್ಣಾಕಿದ್ದಾಗ ಮಲಗಿದಂಗ ಮಲಗಿದ್ದಿ." ಅವನ ದನಿ ಹಗುರಾಗಿತ್ತು, ಎಲ್ಲೋ ಒಂದು ಕಡೆ ನೋವೂ ಇತ್ತು. "ಈ ಊರು ನಿನಗ ಹತ್ತೇತಿ, ಪಾರೂ. ನಾ ಸುಮ್ನ ಹೆದರಿದ್ದೆ."

ಎದ್ದು ಹೋಗಿ ಟ್ರಂಕಿನ ಹಗ್ಗ ಬಿಚ್ಚತೊಡಗಿದ. "ಒಂದ ಚೀಲದಾಗ ನಾಕ ಸೀರಿ ಹಾಕ್ಕೊ. ಸೂಟಿ ಮುಗಿಯೂತನ ಊರಾಗ ಇದ್ದು ಹೊಳ್ಳಿ ಬರೀಯಂತ. ನಿಮ್ಮ ವೈನಿ ದಾರಿ ಕಾಯಾಕತ್ತಾಳ."

ನಾನು ಮಲಗಿದ್ದು ಊರು ಒಗ್ಗಿದ್ದಕ್ಕಲ್ಲ ಅಣ್ಣಾ, ನೀನು ಬಾಗಿಲಿಗೆ ಅಡ್ಡ ಇದ್ದೆ ಎಂದು. ಇದನ್ನು ಹೇಳಿದ್ದರೆ ಅವನು ಹಗ್ಗವನ್ನು ಮತ್ತೆ ಬಿಗಿಯುತ್ತಿದ್ದ. ಗಂಟು ಗಟ್ಟಿಯಿತ್ತು, ಅವನು ಹಲ್ಲಿನಿಂದ ಎಳೆಯುತ್ತಿದ್ದ. ನಾನು ಬಗ್ಗಿ ಹಗ್ಗದ ಇನ್ನೊಂದು ತುದಿ ಹಿಡಿದೆ, ಬಿಚ್ಚಲು ಅವನಿಗೆ ಅನುಕೂಲವಾಗಲೆಂದು.