ಭಜನೆಗೆ ಕೂತ ಐಫೆಲ್ ಗೋಪುರ

ಹನ್ನೊಂದು ವರ್ಷ ಒಂದೇ ಮನೆಗೆ ಬರುವವರನ್ನು ಇನ್ನೂ ಅತಿಥಿ ಎಂದೇ ಕರೆಯುವ ದೊಡ್ಡತನ ಸರ್ಕಾರಕ್ಕೆ ಮಾತ್ರ ಇದೆ. ಕಸ್ತೂರೆಮ್ಮ ಅಂಥ ಅತಿಥಿ ಶಿಕ್ಷಕಿ. ಪ್ರತಿ ಜೂನ್‌ನಲ್ಲಿ ಅವಳನ್ನು ಹೊಸದಾಗಿ ಕಂಡುಹಿಡಿಯುತ್ತಾರೆ, ಬೇಸಿಗೆ ರಜೆ ಬಂದ ಕೂಡಲೇ ಮರೆಯುತ್ತಾರೆ.

ಮದುವೆಯಾಗಿ ಸಿಂಧನೂರಿಗೆ ಹೋಗಿದ್ದಳು. ಗಂಡ ತೀರಿಕೊಂಡ ಮೇಲೆ ಮಸ್ಕಿಯ ತವರಿಗೆ ಬಂದು, ಇಪ್ಪತ್ತೆಂಟಕ್ಕೆ ಡಿ.ಎಡ್ ಮುಗಿಸಿದಳು. ತಡವಾಯಿತು ಎಂದು ಬಂಧುಗಳು ಹೇಳಿದರು. ಇನ್ನೂ ಹೊತ್ತಾಗಿಲ್ಲ ಎಂದು ನೇಮಕಾತಿಯವರು ಇವತ್ತಿಗೂ ಹೇಳುತ್ತಿದ್ದಾರೆ. ಬೆಳಿಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ, ಡಬ್ಬಿಗೆ ಎರಡು ರೊಟ್ಟಿ, ಎಂಟೂಕಾಲಿನ ಲಿಂಗಸುಗೂರು ಬಸ್ಸು. ನಡುವೆ ಇಳಿದು ಒಂದೂವರೆ ಕಿಲೋಮೀಟರು ನಡೆದರೆ ಶಾಲೆ. ಆ ಊರಿನ ಹೆಸರು ಹೇಳಿದರೆ ಅಲ್ಲಿಯವರಿಗೆ ಬೇಜಾರು. ಹೇಳದಿದ್ದರೆ ಸುತ್ತಲಿನ ಹತ್ತು ಊರಿನವರು ಇದು ನಮ್ಮದೇ ಎನ್ನುತ್ತಾರೆ. ಹೇಳದಿರುವುದೇ ವಾಸಿ.

ಹೋದ ವರ್ಷ ದಸರಾ ರಜೆಗೆ ಮುಂಚೆ ಶಾಲೆಗೆ ಒಂದು ಪೆಟ್ಟಿಗೆ ಬಂತು. ಮೇಲೆ ‘ಜಗತ್ತಿನ ಹೆಸರಾಂತ ತಾಣಗಳು: ಮಾಹಿತಿ ಓದು’ ಎಂದು ಬರೆದಿತ್ತು. ಒಳಗೆ ಹನ್ನೆರಡು ಬಣ್ಣದ ಕಾರ್ಡುಗಳು. ಈಜಿಪ್ಟಿನ ಪಿರಮಿಡ್ಡು, ಚೀನಾದ ಗೋಡೆ, ಪ್ಯಾರಿಸಿನ ಐಫೆಲ್ ಗೋಪುರ, ಹೀಗೆ. ಪ್ರತಿ ಕಾರ್ಡಿನಲ್ಲಿ ತಲೆಬರಹ, ಚಿತ್ರ, ಚಿತ್ರದ ಕೆಳಗೊಂದು ಸಾಲು, ಪಕ್ಕದಲ್ಲಿ ಅಂಕಿಗಳ ಚೌಕ. ನಮ್ಮ ಮಕ್ಕಳು ಕಥೆ ಓದುತ್ತಾರೆ, ಪದ್ಯ ಹೇಳುತ್ತಾರೆ, ಆದರೆ ಮಾಹಿತಿ ಕೊಟ್ಟರೆ ಎಲ್ಲಿಂದ ಹಿಡಿದು ಓದಬೇಕೋ ತಿಳಿಯದೆ ಕೂರುತ್ತಾರೆ, ಅದನ್ನು ಕಲಿಸಿ ಎಂಬುದು ಕಳಿಸಿದವರ ಆಸೆ.

ಹೆಡ್‌ಮಾಸ್ತರ್ ಪಂಪಾಪತಿಯವರು ಅಷ್ಟು ಚೆಂದದ ಕಾರ್ಡು ಮಕ್ಕಳ ಕೈಗೆ ಸಿಕ್ಕರೆ ಹಾಳಾದೀತೆಂದು ಅಲಮಾರದಲ್ಲಿಟ್ಟು ಬೀಗ ಹಾಕಿದರು. ಮೂರು ತಿಂಗಳು ಅಲಮಾರಕ್ಕೆ ಜಗತ್ತಿನ ಜ್ಞಾನ ಚೆನ್ನಾಗಿ ಆಯಿತು.

ಜನವರಿಯಲ್ಲಿ ಫೋನು ಬಂತು. ಹದಿನೈದು ದಿನಕ್ಕೆ ಶಿಕ್ಷಣ ಇಲಾಖೆಯ ಮೇಡಂ ಬರುತ್ತಾರೆ, ಐದನೇ ತರಗತಿಯ ಓದು ನೋಡುತ್ತಾರೆ. ಅಲಮಾರ ತೆರೆಯಿತು.

ಪಂಪಾಪತಿಯವರು ಊರಿನ ಭಜನಾ ಮಂಡಳಿಯ ಮುಖ್ಯ ದನಿ. ಅಮಾವಾಸ್ಯೆಗೆ ಹಾರ್ಮೋನಿಯಂ ಹಿಡಿದು ಕೂತರೆಂದರೆ ಅಕ್ಷರ ಬಾರದ ಮುದುಕರೂ ನಲವತ್ತು ಪದ ತಪ್ಪದೆ ಹೇಳುತ್ತಿದ್ದರು. ಆ ಅನುಭವವನ್ನು ಅವರು ಶಿಕ್ಷಣಕ್ಕೆ ದಾನ ಮಾಡಿದರು.

“ಕಸ್ತೂರೆಮ್ಮಾರ, ಹಾಡಿದ್ದು ಸಾಯೂತನಕ ಮರಿಯಂಗಿಲ್ಲ ನೋಡ್ರಿ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಕೊಡ್ರಿ. ತಾಳಕ್ಕ ಕೂಡಿಸೂದು ನನಗ ಬಿಡ್ರಿ.”

“ಹಾಡೂದು ಬ್ಯಾರೆ, ಓದೂದು ಬ್ಯಾರೆ ಅಲ್ರೀ ಸರ್?”

“ಕೇಳವರಿಗೆ ಎರಡೂ ಒಂದ.”

ಹೀಗೆ ಐಫೆಲ್ ಗೋಪುರ ಭಜನೆಗೆ ಕೂತಿತು. ‘ಪ್ಯಾರಿಸು ನಗರದಿ ನಿಂತಿಹುದಯ್ಯಾ’ ಎಂದು ಐದನೇ ತರಗತಿಯ ಅಮೂಲ್ಯಾ ಎತ್ತಿಕೊಟ್ಟರೆ ಉಳಿದ ಮಕ್ಕಳು ‘ನಿಂತಿಹುದಯ್ಯಾ’ ಎಂದು ಚಪ್ಪಾಳೆ ತಟ್ಟುತ್ತಿದ್ದರು. ಕಸ್ತೂರೆಮ್ಮನಿಗೂ ಭಜನೆಯೆಂದರೆ ಪ್ರಾಣ. ಶಿವನ ಎದುರು ಅರ್ಥವಾಗದ ಸಾಲನ್ನೂ ಕಣ್ಣು ಮುಚ್ಚಿ ಹಾಡಿದ್ದಾಳೆ. ಅದು ಅವನಿಗೆ ಅರ್ಥವಾಗುತ್ತದೆ, ಸಾಕು. ಆದರೆ ಚೀನಾದ ಗೋಡೆಯನ್ನು ಅರ್ಥ ಮಾಡಿಕೊಳ್ಳುವ ಹೊಣೆಯನ್ನೂ ಅವನ ಮೇಲೆ ಹಾಕುವುದು ಸರಿಯೆನಿಸಲಿಲ್ಲ. ಒಂದು ಮಧ್ಯಾಹ್ನ ಅಮೂಲ್ಯಾಳ ಕೈಗೆ ಸುಮ್ಮನೆ ಪಿರಮಿಡ್ಡಿನ ಕಾರ್ಡು ಕೊಟ್ಟಳು. ಅಮೂಲ್ಯಾ ಪಿರಮಿಡ್ಡನ್ನು ಭಕ್ತಿಯಿಂದ ನೋಡುತ್ತಾ ಐಫೆಲ್ ಗೋಪುರವನ್ನು ಪೂರ್ತಿ ಹಾಡಿ ಮುಗಿಸಿದಳು. ಒಂದು ಅಕ್ಷರ ತಪ್ಪಲಿಲ್ಲ.

ಕಾರ್ಡು ಹನ್ನೆರಡು, ಐದನೇ ತರಗತಿಯ ಮಕ್ಕಳು ಹದಿಮೂರು. ಉಳಿದವಳು ವಸೀಮಾ. ಅಪ್ಪ ನಾಸೀರ್ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದ, ಮಗಳು ಇಲ್ಲಿ ಅಜ್ಜಿ ಖಾಸಿಂಬೀ ಹತ್ತಿರ ಇದ್ದಳು. ತನ್ನದೆಂಬ ಕಾರ್ಡಿಲ್ಲದ ಕಾರಣ ಯಾರ ಕಾರ್ಡು ಬಿದ್ದಿದ್ದರೂ ಎತ್ತಿಕೊಂಡು, ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಕೂರುತ್ತಿದ್ದಳು. ಓದು ಬಲು ನಿಧಾನ. ಒಂದು ಸಾಲು ಮುಗಿಯುವಷ್ಟರಲ್ಲಿ ಉಳಿದವರು ಮಂಗಳಾರತಿಗೆ ಬಂದಿರುತ್ತಿದ್ದರು.

“ಟೀಚರ್, ಮುನ್ನೂರಾ ಮೂವತ್ತು ಮೀಟರ್ ಅಂದ್ರ ಅಡಿ ಲೆಕ್ಕದಾಗ ಎಷ್ಟ್ರೀ?”

“ಸಾವಿರದ ಎಂಬತ್ತರ ಮ್ಯಾಲ ಆಗತೈತಿ.”

ವಸೀಮಾ ಮನಸ್ಸಿನಲ್ಲೇ ಏನೋ ಅಳೆದಳು. “ಅಷ್ಟನಾ? ನಮ್ಮ ಅಬ್ಬಾ ಎರಡು ಸಾವಿರ ಅಡಿ ಕೆಳಗ ಇಳೀತಾನ. ಆ ಗೋಪುರ ತಂದು ಗಣ್ಯಾಗ ಇಳಿಸಿದ್ರ ತುದಿನೂ ಕಾಣಂಗಿಲ್ಲ.”

ಹನ್ನೆರಡು ಕಾರ್ಡು ಕಳಿಸಿದವರು ಬಯಸಿದ್ದು ಇದನ್ನೇ ಇರಬೇಕು. ಆದರೆ ಹೆಡ್‌ಮಾಸ್ತರರಿಗೆ ಅದು ತಾಳ ತಪ್ಪಿದಂತೆ ಕೇಳಿತು.

ಮೇಡಂ ಬರುವ ಹಿಂದಿನ ದಿನ ಅವರು ಒಂದು ನಮೂನೆ ತಂದು ಬೆಂಚಿನ ಮೇಲಿಟ್ಟರು. ‘ಓದಲು ಬಾರದ ಮಕ್ಕಳ ಪಟ್ಟಿ’. ಒಂದೇ ಹೆಸರು: ವಸೀಮಾ. ಕೆಳಗೆ ತರಗತಿ ಶಿಕ್ಷಕಿಯ ರುಜುವಿಗೆ ಜಾಗ.

“ನೂರಕ್ಕ ನೂರು ಬರದ್ರ ಮ್ಯಾಲಿನವರು ನಂಬಂಗಿಲ್ರೀ. ಒಂದು ಹೆಸರು ಇದ್ರ ಖರೆ ಅನಸ್ತೈತಿ. ಆಕಿಗೆ ಹೆಂಗೂ ಕಾರ್ಡ್ ಇಲ್ಲ.”

“ಸರ್, ಈ ಹದಿಮೂರು ಮಂದ್ಯಾಗ ಓದಾಕಿ ಆಕಿ ಒಬ್ಬಾಕಿ.”

“ಇರಬಹುದು. ಜೂನ್ ಬರ್ತೈತಿ, ಅದನ್ನೂ ಸ್ವಲ್ಪ ನೋಡ್ರಿ.”

ಕಸ್ತೂರೆಮ್ಮನಿಗೆ ಜೂನ್‌ಗಿಂತ ಖಾಸಿಂಬೀಯ ಭಯ ಹೆಚ್ಚಿತ್ತು. ಹದಿನೈದು ದಿನಕ್ಕೊಮ್ಮೆ ಆ ಮುದುಕಿ ಶಾಲೆಯ ಬಾಗಿಲಿಗೆ ಬಂದು ಒಂದೇ ಮಾತು ಕೇಳುತ್ತಿದ್ದಳು. “ಹುಡುಗಿಗೆ ಓದಾಕ ಬರ್ತೈತೋ ಇಲ್ಲೋ ಅಷ್ಟ ಹೇಳ್ರೀ ಬಾಯಿ. ಬರಂಗಿಲ್ಲಂದ್ರ ಐದಕ್ಕ ಬಿಡಸ್ತೀನಿ. ಹತ್ತಿ ಬಿಡಸಾಕ ಆಳು ಸಿಗವಲ್ರು.” ಆರನೇ ತರಗತಿಗೆ ಬೇರೆ ಊರಿಗೆ ಹೋಗಬೇಕು. ಬಾರದು ಎಂದು ಶಾಲೆಯೇ ಬರೆದುಕೊಟ್ಟರೆ ಮುದುಕಿ ಮತ್ತೊಮ್ಮೆ ಕೇಳುವವಳಲ್ಲ.

ಆ ಸಂಜೆ ಪೂಜೆಗೆ ಕೂತವಳು ಏನನ್ನೂ ಬೇಡಿಕೊಳ್ಳಲಿಲ್ಲ. ಶಿವನಿಗೆ ಎಲ್ಲವೂ ಕಾಣುತ್ತದೆ. ಆದರೆ ಅವನ ಹೆಸರು ಯಾವ ಪರಿಶೀಲನಾ ಸಮಿತಿಯಲ್ಲೂ ಇಲ್ಲ.

ಮರುದಿನ ಮೇಡಂ ಹನ್ನೊಂದಕ್ಕೆ ಬಂದರು. ಹೂವು, ಶಾಲು, ಉಪ್ಪಿಟ್ಟು, ನಂತರ ಭಜನೆ. ಹನ್ನೆರಡು ತಾಣಗಳೂ ತಾಳಬದ್ಧವಾಗಿ ಹಾದುಹೋದವು. ಮೇಡಂ ಫೋನಿನಲ್ಲಿ ಚಿತ್ರ ಹಿಡಿದು, “ಎಷ್ಟು ಆನಂದದಿಂದ ಓದ್ತಾರೆ” ಎಂದರು. ಯಾರೂ ಕಾರ್ಡಿನ ಕಡೆ ನೋಡಿರಲಿಲ್ಲ, ಮೇಡಂ ಕೂಡ.

“ಇವಳೊಬ್ಬಳು ಕೂತೇ ಇದ್ದಾಳಲ್ಲ?”

“ಆಕಿಗೆ ಬರಂಗಿಲ್ರೀ ಮೇಡಂ. ಪಟ್ಟ್ಯಾಗ ಹಾಕೀವಿ” ಎಂದರು ಪಂಪಾಪತಿ.

“ಓದ್ತಾಳ್ರೀ” ಎಂದಳು ಕಸ್ತೂರೆಮ್ಮ. “ಒಮ್ಮೆ ಕೇಳ್ರಿ.”

ಮೇಡಂ ಐಫೆಲ್ ಗೋಪುರದ ಕಾರ್ಡು ಕೊಟ್ಟು ಫೋನಿನಲ್ಲಿ ಸೆಕೆಂಡು ಎಣಿಸತೊಡಗಿದರು. ವಸೀಮಾ ತಲೆಬರಹ ಓದಿದಳು. ಒಂದು ಸಾಲು ಓದಿದಳು. ಚಿತ್ರದ ಕೆಳಗಿನ ಸಾಲಿಗೆ ಬಂದು ನಿಂತಳು. ಮತ್ತೆ ಮೇಲೆ ಹೋದಳು. ಮತ್ತೆ ಕೆಳಗೆ ಬಂದಳು. ನಿಮಿಷ ಮುಗಿಯಿತು.

“ಹದಿನಾಲ್ಕು ಪದ” ಎಂದರು ಮೇಡಂ. “ಅರವತ್ತು ಇರಬೇಕು. ಪಟ್ಟಿ ಸರಿಯಾಗಿಯೇ ಇದೆ.”

“ಯಾಕ ನಿಂತಿ ವಸೀಮಾ?” ಎಂದು ಕೇಳಿದಳು ಕಸ್ತೂರೆಮ್ಮ.

“ಇಲ್ಲಿ ಎತ್ತರ ಮುನ್ನೂರಾ ಮೂವತ್ತು ಮೀಟರ್ ಅಂತ ಐತ್ರೀ. ಚಿತ್ರದ ಕೆಳಗ ಮುನ್ನೂರಾ ಇಪ್ಪತ್ನಾಕು ಅಂತ ಐತಿ. ಗೋಪುರ ಒಂದ, ಎತ್ತರ ಎರಡು. ಯಾವುದು ಓದ್ಲಿ?”

ಪಂಪಾಪತಿಯವರು ಕಾರ್ಡು ಇಸಿದುಕೊಂಡು ನೋಡಿದರು. ಹದಿನೈದು ದಿನ ಅದನ್ನು ರಾಗವಾಗಿ ಕಲಿಸಿದವರು ಮೊದಲ ಸಲ ಓದಿದರು. ಮೇಡಂ ತಿರುಗಿಸಿ ನೋಡಿದರು. ಬೆನ್ನಿಗೆ ಸಣ್ಣ ಅಕ್ಷರದಲ್ಲಿ ‘ಪರಿಶೀಲನೆ’ ಎಂದಿತ್ತು. ಅದರ ಪಕ್ಕದಲ್ಲೇ ಮೇಡಂ ಹೆಸರಿತ್ತು. ಅವರು ಕಾರ್ಡನ್ನು ಬಲು ಮೆಲ್ಲಗೆ ಮೇಜಿನ ಮೇಲೆ ಕವುಚಿಟ್ಟು, ಹೆಸರು ಮತ್ತೆ ಮೇಲಕ್ಕೆ ಬಂದದ್ದು ಕಂಡು ಮತ್ತೊಮ್ಮೆ ತಿರುವಿಟ್ಟರು.

“ಮುದ್ರಣ ದೋಷ. ಆದರೂ ನಿಯಮ ಅಂದರೆ ನಿಯಮ. ಪದ ಹದಿನಾಲ್ಕೇ. ರುಜು ಹಾಕಿಬಿಡಿ.”

ಕಸ್ತೂರೆಮ್ಮ ಪೆನ್ನು ತೆಗೆದಳು. “ಹಾಕ್ತೀನ್ರೀ ಮೇಡಂ. ಷರಾದ ಜಾಗದಾಗ ಹುಡುಗಿ ಯಾಕ ನಿಂತಳು ಅಂತ ಒಂದು ಸಾಲು ಬರದು ಹಾಕ್ತೀನಿ. ಕಾರ್ಡಿನ್ಯಾಗ ಎರಡು ಎತ್ತರ ಅದಾವ, ಅದಕ್ಕ ನಿಂತಳು ಅಂತ. ಕಾರ್ಡೂ ಜತಿಗೆ ಹಚ್ಚತೀನಿ. ಮ್ಯಾಲಿನವರಿಗೆ ಖರೆ ಅನಸ್ಲಿ.”

ದನಿ ಎತ್ತರಿಸಿರಲಿಲ್ಲ. ಮಕ್ಕಳಿಗೆ ಕಾಗುಣಿತ ಹೇಳಿಕೊಡುವ ದನಿಯೇ. ಮೇಡಂ ಅವಳನ್ನು ನೋಡಿದರು, ಕಾರ್ಡನ್ನು ನೋಡಿದರು, ಗಡಿಯಾರ ನೋಡಿದರು.

“ಒಂದು ಹೆಸರಿಗೆ ಇಷ್ಟೆಲ್ಲ ಕಾಗದ ಯಾಕೆ ಸರ್? ಪಟ್ಟಿಯಲ್ಲಿ ‘ಯಾರೂ ಇಲ್ಲ’ ಅಂತ ಬರೆದುಬಿಡಿ.”

ಹೀಗೆ ಆ ಶಾಲೆ ನೂರಕ್ಕೆ ನೂರು ಓದುವ ಶಾಲೆಯಾಯಿತು. ಏಪ್ರಿಲ್‌ನಲ್ಲಿ ಪಂಪಾಪತಿಯವರಿಗೆ ಲಿಂಗಸುಗೂರಿನಲ್ಲಿ ಸನ್ಮಾನ. ಭಜನೆಯ ಮೂಲಕ ಮಾಹಿತಿ ಎಂಬ ವಿಷಯದ ಮೇಲೆ ಮುಕ್ಕಾಲು ಗಂಟೆ ಮಾತಾಡಿದರಂತೆ. ಮೇ ಕೊನೆಗೆ ಒಂದು ಸುತ್ತೋಲೆ ಬಂತು. ಅತಿಥಿ ಶಿಕ್ಷಕರು ಈ ವರ್ಷ ಓದಿನಲ್ಲಿ ಹಿಂದುಳಿದ ಶಾಲೆಗಳಿಗೆ ಮೊದಲು. ಎಲ್ಲರಿಗೂ ಓದಲು ಬರುವ ಶಾಲೆಗೆ ಕಸ್ತೂರೆಮ್ಮ ಯಾಕೆ ಬೇಕು? ಪಂಪಾಪತಿಯವರು ಫೋನು ಮಾಡಿ, “ನೋಡ್ರೀ, ನಿಮ್ಮ ಹಟಕ್ಕ ನಿಮ್ಮ ಹೊಟ್ಟಿಗೇ ಹೊಡತ ಬಿತ್ತು” ಎಂದು ಮರುಗಿದರು. ಅವರು ನಿಜವಾಗಿ ಮರುಗಿದ್ದರು. ಸನ್ಮಾನವಾದವರಿಗೆ ಮರುಗಲು ಪುರುಸೊತ್ತಿರುತ್ತದೆ.

ಜೂನ್ ಮೊದಲ ವಾರ ಖಾಸಿಂಬೀ ಮೊಮ್ಮಗಳ ಕೈ ಹಿಡಿದು ಮಸ್ಕಿಯ ಮನೆಗೇ ಬಂದಳು. ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಮಾತು ತೆಗೆದಳು.

“ಬಾಯಿ, ಸಾಲ್ಯಾಗ ಎಲ್ಲಾ ಹುಡುಗರಿಗೂ ಓದಾಕ ಬರ್ತೈತಿ ಅಂತ ಬೋರ್ಡ್ ಬರಸ್ಯಾರ. ನಮ್ಮ ಓಣ್ಯಾಗಿನ ಹುಡುಗರನ್ನ ನಾ ಕಂಡಿಲ್ಲೇನು? ಆ ಬೋರ್ಡ್ ಸುಳ್ಳ. ಅದಕ್ಕ ನಿಮ್ಮನ್ನ ಕೇಳಾಕ ಬಂದೆ. ಈಕಿಗೆ ಬರ್ತೈತೋ ಇಲ್ಲೋ?”

“ಬರ್ತೈತ್ರೀ ಅಮ್ಮಾ. ಸಾವಕಾಶ ಓದ್ತಾಳ.”

“ಎಷ್ಟು ಸಾವಕಾಶ?”

“ಒಂದು ಕಾಗದ ಮುಗಸಾಕ ನಿಮ್ಮ ಎಲಿ ಅಡಿಕಿ ಮುಗೀಬೇಕು.”

ಖಾಸಿಂಬೀ ಮೊಮ್ಮಗಳ ಕಡೆ ನೋಡಿದಳು. “ಬರಲಿ ಬಿಡ್ರಿ. ಗಡಾಗಡಾ ಓದಿದ್ರ ನನಗರ ಎಲ್ಲಿ ತಿಳೀತೈತಿ? ಸಾವಕಾಶ ಓದಿದ್ರ ನನಗೂ ಕೇಳಾಕ ಛಲೋ.” ಸೆರಗಿನ ಗಂಟು ಬಿಚ್ಚಿ ಶಾಲೆ ಕೊಟ್ಟಿದ್ದ ಮೊಮ್ಮಗಳ ವರ್ಗಾವಣೆ ಪತ್ರವನ್ನು ಮಡಚಿದಂತೆಯೇ ತೆಗೆದಳು. “ಆರನೇತ್ತಕ್ಕ ಹಚ್ಚೂದು ಎಲ್ಲಿ, ಯಾವ ಬಸ್ಸಿಗೆ ಹೋಗೂದು, ಹೇಳ್ರಿ. ಹತ್ತಿ ನಾ ಬಿಡಸ್ತೀನಿ, ಇನ್ನೂ ಕೈ ಅದಾವ ನನಗ.”

ಕಸ್ತೂರೆಮ್ಮ ಪತ್ರವನ್ನು ವಸೀಮಾಳ ಕೈಗೆ ಕೊಟ್ಟಳು. “ಮೊದಲ ಈಕಿ ಓದಲಿ. ಹೆಸರು, ಹುಟ್ಟಿದ ತಾರೀಖು ಸರಿ ಬರದಾರೋ ಇಲ್ಲೋ ನೋಡೂಣು.”

ಸರಿ ಬರೆದಿರಲಿಲ್ಲ. ತಿದ್ದಿಸಿಕೊಂಡು ಬರಲು ಮೂವರೂ ಶಾಲೆಯ ಕಡೆಗೆ ಒಂಬತ್ತೂವರೆಯ ಬಸ್ಸು ಹಿಡಿದರು.