ಮಗ್ಗಲು ಬದಲಿಸಲು ಕಲಿಸಿದ ಮಾರ್ತಾಬಾಯಿ

ಮಾರ್ತಾಬಾಯಿ ನಮ್ಮ ಮನೆಗೆ ಎಷ್ಟೋ ಸಲ ಬಂದರು. ಆದರೆ ಒಂದು ದಿನವೂ ರೋಗಿಯ ಮೈ ಮುಟ್ಟಲಿಲ್ಲ. ಬಂದವರೇ ಛತ್ರಿಯನ್ನು ಗೋಡೆಗೆ ಆನಿಸಿ, ಬಾಗಿಲ ಪಕ್ಕದ ಪರಸಿ ಕಲ್ಲಿನ ಕಟ್ಟೆಯ ಮೇಲೆ ಕೂತು, ಎರಡೂ ಕೈ ಕಟ್ಟಿಕೊಳ್ಳುತ್ತಿದ್ದರು. ಬಿಳಿ ಸೀರೆ, ದಪ್ಪ ಮೈ, ಮೊಣಕಾಲು ನೋವಿನ ನಡಿಗೆ. ಓಣಿಯ ಹೆಂಗಸರು ಅವರಿಗೆ ಕೇಳುವ ಹಾಗೆಯೇ ಆಡಿಕೊಳ್ಳುತ್ತಿದ್ದರು.

"ಸಣ್ಣ ನರ್ಸ್ ದುಡೀತಾಳ, ದೊಡ್ಡ ನರ್ಸ್ ಕುಂದರ್ತಾಳ. ನೌಕರಿ ಅಂದ್ರ ಹಿಂಗಿರಬೇಕು ನೋಡವಾ."

ಒಂದು ದಿನ ಅವರು ತಿರುಗಿ ಹೇಳಿದರು. "ಕುಂದ್ರೂದೇ ನನ್ನ ನೌಕರಿ, ತಾಯಿ. ನಾ ಎದ್ದು ಮಾಡಿದ್ರ ಇವತ್ತಿಂದು ಆಗ್ತದ. ನಾ ಹೋದ ಮ್ಯಾಲ ನಾಳಿಂದು ಯಾರು ಮಾಡಬೇಕು, ನೀ ಬರ್ತೀಯೇನು?"

ಮೊಮ್ಮಕ್ಕಳೇ, ನಾನು ಹೆಚ್ಚು ಮಾತಾಡಿದವಳಲ್ಲ. ಬರೆಯುವುದೂ ಊರ ಶಾಲೆಯಲ್ಲಿ ಕಲಿತಷ್ಟೇ. ಆದರೆ ನಿಮ್ಮ ಮುತ್ಯಾನನ್ನು, ನನ್ನ ಯಜಮಾನರನ್ನು, ನಾವು ಹೇಗೆ ನೋಡಿಕೊಂಡೆವು ಎಂದು ನೀವು ಕೇಳಿದಾಗಲೆಲ್ಲ ನನಗೆ ಈ ಬಾಯಿಯವರೇ ಕಣ್ಣ ಮುಂದೆ ಬರುತ್ತಾರೆ. ಅವರು ವಾಡಿಯಲ್ಲಿದ್ದರು. ನಾಲವಾರ, ರಾವೂರ, ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ತಿರುಗುವ ನರ್ಸುಗಳಿಗೆಲ್ಲ ಅವರು ಮೇಲಿನವರು. ಬಾಣಂತನ ಮತ್ತು ಕೂಸುಗಳ ಸೂಜಿ ಅವರ ಮುಖ್ಯ ಕೆಲಸ. ಆದರೆ ಹಾಸಿಗೆ ಹಿಡಿದವರು ಇದ್ದಾರೆಂದು ಗೊತ್ತಾದರೆ ಆ ಮನೆಯನ್ನು ಬಿಡುತ್ತಿರಲಿಲ್ಲ.

ನಮ್ಮ ಮನೆ ರಾವೂರಿನಲ್ಲಿ. ನಿಮ್ಮ ಮುತ್ಯಾ ಕಲ್ಲಿನ ಖಣಿಗೆ ಹೋಗುತ್ತಿದ್ದರು. ಲಾರಿಗೆ ಏರಿಸುವಾಗ ಪರಸಿ ಜಾರಿ ಬೆನ್ನಿನ ಮೇಲೆ ಬಿತ್ತು. ಸೊಂಟದ ಕೆಳಗೆ ಸ್ಪರ್ಶವೇ ಹೋಯಿತು. ದೊಡ್ಡ ದವಾಖಾನೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಹೇಗೆ ನೋಡಿಕೊಳ್ಳಬೇಕೆಂದು ಯಾರೂ ಹೇಳಲಿಲ್ಲ. ನಿಮ್ಮಪ್ಪ ಆಗ ತೊಟ್ಟಿಲಲ್ಲಿದ್ದ.

ಮನೆಯಲ್ಲಿ ಅತ್ತೆ, ಭಾವ, ನಾನು. ಭಾವ ಎಂದರೆ ಮುತ್ಯಾನ ಅಣ್ಣ. ನಮ್ಮಲ್ಲಿ ಸೊಸೆಯಾದವಳು ಭಾವನ ಎದುರು ನಿಲ್ಲುವ ಹಾಗಿರಲಿಲ್ಲ. ಅವರು ಅಂಗಳದಲ್ಲಿ ಕೆಮ್ಮಿದರೆ ನಾನು ಅಡುಗೆಮನೆ ಸೇರಬೇಕು. ಅವರು ತಮ್ಮನ ಹತ್ತಿರ ಕೂತರೆ ನಾನು ಒಳಗೆ. ನಾನು ಹೋದರೆ ಅವರು ಹೊರಗೆ. ಆಳೆತ್ತರದ ಗಂಡಸನ್ನು ಹೊರಳಿಸಲು ಇಬ್ಬರು ಬೇಕು. ಅತ್ತೆಗೆ ಬಲವಿರಲಿಲ್ಲ. ಹೀಗಾಗಿ ಮುತ್ಯಾ ಹೊರಸಿನ ಮೇಲೆ ಮಲಗಿಸಿದ ಹಾಗೇ ಮಲಗಿರುತ್ತಿದ್ದರು. ಕಮಲಾ ಎಂಬ ಸಣ್ಣ ನರ್ಸ್ ಬಾಗಿಲಲ್ಲಿ ನಿಂತು, "ಹ್ಯಾಂಗದಾರ್ರಿ?" ಅನ್ನುವಳು. ಭಾವ, "ಛಲೋ ಅದಾನ" ಅನ್ನುವರು. ಅವಳು ಗುಳಿಗೆ ಕೊಟ್ಟು ಹೋಗುವಳು.

ಮಾರ್ತಾಬಾಯಿ ಮೊದಲ ಸಲ ಬಂದದ್ದು ನಿಮ್ಮಪ್ಪನ ಸೂಜಿಗೆಂದು. ಬಂದು ಕೂತರು. ವಾಸನೆ ಹಿಡಿದು ಮೂಗು ಅರಳಿಸಿದರು. ಕಮಲಾಳ ಕಡೆ ನೋಡಿ, "ಬೆನ್ನು ನೋಡೀಯೇನು?" ಎಂದರು. ಆಕೆ ತಲೆ ತಗ್ಗಿಸಿದಳು. ಭಾವನನ್ನು ಹೊರಗೆ ಕಳಿಸಿ, ಕಮಲಾ ಮತ್ತು ನಾನು ಸೇರಿ ಹೊರಳಿಸಿದೆವು. ಬೆನ್ನಿನ ಬುಡದಲ್ಲಿ ಅಂಗೈಯಗಲ ಹುಣ್ಣು. ಮುತ್ಯಾನಿಗೆ ಗೊತ್ತೇ ಇರಲಿಲ್ಲ. ಅತ್ತೆ ಬಾಯಿ ಬಡಿದುಕೊಂಡರು.

ಬಾಯಿಯವರು ಕೂತಲ್ಲಿಂದಲೇ ಒಂದೊಂದಾಗಿ ಹೇಳಿದರು. ನೀರು ಕಾಯಿಸು. ಆರಲಿ. ಒಳಗಿನಿಂದ ಹೊರಗೆ ಒರೆಸು. ಗಡಬಡ ಬ್ಯಾಡ. ಕಮಲಾ ಹೇಳಿದ ಹಾಗೇ ಮಾಡಿದಳು. ನಮ್ಮ ಮುಂದೆ ಬಾಯಿಯವರು ಅವಳಿಗೆ ಒಂದು ಮಾತೂ ಬೈಯಲಿಲ್ಲ. ಆಮೇಲೆ ಹಿತ್ತಲಲ್ಲಿ ಅವಳು ಅಳುವುದು ಗೋಡೆಯಾಚೆ ನನಗೆ ಕೇಳಿತು.

"ಅವರಣ್ಣ ಕುಂತಿದ್ರು ಬಾಯಾರ. ನಾ ಹ್ಯಾಂಗ ಮೈಮ್ಯಾಲಿನ ಅರಿವಿ ಸರಸ್ಲಿ? ನಾಚಿಕಿ ಬರ್ತದ."

"ಬರ್ಲಿ. ನಾಚಿಕಿ ಜೋಡಿನೇ ಅರಿವಿ ಸರಸು. ಅತ್ತು ಮುಗೀತೇನು? ಮಾರಿ ತೊಳಕೊ. ನಾಳಿಗಿ ಈ ಮನಿಗಿ ನೀನೇ ಬರಬೇಕು. ಬ್ಯಾರೆದಾಕಿನ್ನ ನಾ ಕಳಸಂಗಿಲ್ಲ."

ಮತ್ತೆ ಒಳಗೆ ಬಂದು ಅತ್ತೆಗೆ ನೇರವಾಗಿ ಹೇಳಿದರು. "ಈ ಹುಣ್ಣು ಎಲುಬಿಗಿ ಇಳೀತಂದ್ರ ನಿನ್ನ ಮಗ ಉಳಿಯಂಗಿಲ್ಲ ಆಯಿ. ಔಷಧ ಎಷ್ಟ ಹಚ್ಚಿದ್ರೂ ಅಷ್ಟೇ. ಹಗಲಿ ರಾತ್ರಿ ಮಗ್ಗಲಾ ಬದಲಸಬೇಕು. ಇಬ್ರು ಬೇಕು."

"ಸೊಸಿ, ಭಾವ ಒಂದೇ ಹೊರಸಿಗಿ ಕೈ ಹಚ್ಚೂದಾ? ಮಂದಿ ಏನಂದಾರು!"

ಮನೆಯ ರೂಢಿ ಕೆಟ್ಟದ್ದು ಎಂದು ಬಾಯಿಯವರು ಅನ್ನಲಿಲ್ಲ. ಹಳೆ ಸೀರೆಗಳನ್ನು ಕೂಡಿಸಿ ಹೊಲಿದ ಒಂದು ಗಟ್ಟಿ ಕೌದಿ ಕೇಳಿ ಅದನ್ನು ಮುತ್ಯಾನ ಕೆಳಗೆ ಹಾಸಿಸಿದರು. "ಭಾವ ಆ ಕಡಿ ತುದಿ ಹಿಡೀಲಿ, ಗೋಡಿ ನೋಡ್ಲಿ. ಸೊಸಿ ಈ ಕಡಿ, ಸೆರಗು ಎಳಕೊಳ್ಳಿ. ಮಾತಿಲ್ಲ, ಮಾರಿ ನೋಡಂಗಿಲ್ಲ. ಹೇಳಾಕಿ ನೀನು ಆಯಿ. ನೀ ಹೂಂ ಅನ್ನೂತನ ಯಾರೂ ಅಲ್ಲಾಡಂಗಿಲ್ಲ."

ಅದುವರೆಗೆ ಅಳುತ್ತಿದ್ದ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಸಿನ ತಲೆಯ ಕಡೆ ಬಂದು ನಿಂತರು. "ಹೂಂ!" ಅಂದರು. ಭಾವನಿಗೆ ಗೋಡೆ ಬಿಟ್ಟು ಏನೂ ಕಾಣದು, ನನಗೆ ಸೆರಗು ಬಿಟ್ಟು ಏನೂ ಕಾಣದು. ಇಬ್ಬರೂ ಒಮ್ಮೆಲೇ ಎಳೆದೆವು. ಮುತ್ಯಾ ನಡುವೆ ಕುಂಬಳಕಾಯಿಯ ಹಾಗೆ ಮೇಲೆದ್ದರು.

"ಅವ್ವಾ, ನನಗ ತೊಟ್ಟಿಲದಾಗ ಹಾಕಾಕತ್ತೀರೇನು?" ಅಂದರು. ಕಲ್ಲು ಬಿದ್ದ ಮೇಲೆ ಅವರು ನಕ್ಕದ್ದು ಅಂದೇ. ಮಾರ್ತಾಬಾಯಿ ಹೊಟ್ಟೆ ಕುಲುಕಿಸಿ ನಕ್ಕರು. ಆಮೇಲೆ, "ಒಬ್ರು ಎತ್ತುವಾಗ ಒಬ್ರು ಸಡಲ ಬಿಡಬೇಕು. ಮತ್ತೊಮ್ಮೆ" ಎಂದರು. ನಮಗೆ ಸಾಕಾಗುವವರೆಗೂ ಅಲ್ಲ, ನಮಗೆ ಬರುವವರೆಗೂ ಮಾಡಿಸಿದರು.

ಆ ಮೇಲಿನ ವರ್ಷಗಳನ್ನು ನೆನೆದರೆ ಈಗಲೂ ರಟ್ಟೆ ಸೋಲುತ್ತದೆ. ರೊಟ್ಟಿ ಬಡಿಯುವಾಗ ಅತ್ತೆಯ ಕೂಗು, ಕೂಸಿಗೆ ಹಾಲೂಡಿಸುವಾಗ ಕೂಗು, ಕಣ್ಣು ಹತ್ತುವಾಗ ಕೂಗು. ಬ್ಯಾಸಿಗೆಯಲ್ಲಿ ಪರಸಿ ಮಾಡಿನ ಕೆಳಗೆ ಮನೆ ಹೆಂಚಿನಂತೆ ಕಾಯುತ್ತಿತ್ತು. ಬೆವರಿಗೆ ಕೌದಿ ಜಾರುತ್ತಿತ್ತು. ಭಾವ ಹೊಲದಿಂದ ಓಡಿ ಬಂದು ತುದಿ ಹಿಡಿಯುವರು, ಮತ್ತೆ ಹೊಲಕ್ಕೆ ಹೋಗುವರು. ಅವರು ಯಾವತ್ತು ದಣಿದಿದ್ದಾರೆ, ಯಾವತ್ತು ಸಿಟ್ಟಿನಲ್ಲಿದ್ದಾರೆ ಎಂದು ಕೌದಿಯ ಸೆಳೆತದಲ್ಲೇ ನನಗೆ ತಿಳಿಯುತ್ತಿತ್ತು. ಮುಖ ಮಾತ್ರ ಸರಿಯಾಗಿ ನೋಡಿದವಳಲ್ಲ.

ಹುಣ್ಣು ಬಹಳ ನಿಧಾನವಾಗಿ ಮಾಯಿತು. ಕಮಲಾ ತಪ್ಪದೆ ಬಂದು ಬಟ್ಟೆ ಸರಿಸಿ ನೋಡುತ್ತಿದ್ದಳು. ಭಾವ ಕೂತಿದ್ದರೆ, "ಸ್ವಲ್ಪ ಹೊರಗ ಹೋಗ್ರಿ ಅಣ್ಣಾರ" ಎಂದು ಅವಳೇ ಎಬ್ಬಿಸುತ್ತಿದ್ದಳು. ಮಾರ್ತಾಬಾಯಿ ಬಂದಾಗ ವರದಿ ಕೇಳುತ್ತಿದ್ದದ್ದು ಅತ್ತೆಯನ್ನು. ಅತ್ತೆ ಊರ ಗೌಡರ ಹಾಗೆ ಹೇಳುವರು. "ಮಾಡಸಾಕತ್ತೀನ್ರಿ ಬಾಯಾರ. ಇವ್ರಿಬ್ರೂ ಸುಮ್ನ ಬಿಟ್ರ ಮಲಗಿಬಿಡ್ತಾರ."

ಅದೇ ಹೊರಸಿನ ಮೇಲಿದ್ದುಕೊಂಡೇ ಮುತ್ಯಾ ನಿಮ್ಮಪ್ಪನಿಗೆ ಅಕ್ಷರ ತಿದ್ದಿಸಿದರು. ಕೊನೆಗೆ ಒಂದು ಮಳೆಗಾಲದಲ್ಲಿ ಜ್ವರ ಬಂತು. ಇಳಿಯಲಿಲ್ಲ. ಹೋದರು.

ಸುದ್ದಿ ಕೇಳಿ ಮಾರ್ತಾಬಾಯಿ ವಾಡಿಯಿಂದ ಬಂದರು. ಸ್ನಾನ ಮಾಡಿಸುವಾಗ ಅತ್ತೆ ಅವರನ್ನು ಕೈಹಿಡಿದು ಕರೆದೊಯ್ದು, "ಬೆನ್ನು ನೋಡ್ರಿ" ಅಂದರು. ಕಮಲಾ ಬಟ್ಟೆ ಸರಿಸಿದಳು. ಹುಣ್ಣಿದ್ದ ಜಾಗ ಕಪ್ಪಾಗಿತ್ತು, ಚರ್ಮ ಎಲ್ಲೂ ಒಡೆದಿರಲಿಲ್ಲ. ಬಾಯಿಯವರು ಬಹಳ ಹೊತ್ತು ನೋಡಿದರು. "ಹಸನ ಅದ ಆಯಿ" ಎಂದರು. ಅತ್ತೆ ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗ ಅತ್ತರು.

ಮಣ್ಣು ಮಾಡಿ ಬಂದ ಮೇಲೆ ಮಂದಿ ಬರತೊಡಗಿದರು. ಬಂದವರೆಲ್ಲ ನನ್ನನ್ನು ತಬ್ಬಿ ಅಳಬೇಕು, ನಾನೂ ಅಳಬೇಕು. ನನಗೆ ಅಳುವುದಕ್ಕೂ ಶಕ್ತಿ ಇರಲಿಲ್ಲ. ಬಾಯಿಯವರು ನನ್ನ ಮುಖ ನೋಡಿ ಅತ್ತೆಗೆ ಹೇಳಿದರು. "ಇಕಿ ಒಳಗ ಮಲಗಲಿ."

"ಮಂದಿ ಬರಾಕತ್ತಾರ್ರಿ ಬಾಯಾರ."

"ಬರ್ಲಿ. ಮಂದೀನ್ನ ನೀ ನೋಡ್ಕೊ."

ಅತ್ತೆ ನನ್ನನ್ನು ಒಳಗೆ ಕಳಿಸಿ ತಾವೇ ಬಾಗಿಲು ಮುಂದೆ ಮಾಡಿದರು.

ನಾನು ಬಾಯಿಯವರನ್ನು ನೋಡಿದ್ದು ಅದೇ ಕೊನೆ. ಆ ವರ್ಷವೇ ಅವರ ನೌಕರಿ ಮುಗಿದು, ಬೀದರ ಕಡೆ ತಂಗಿಯ ಮನೆಗೆ ಹೋದರೆಂದು ಕಮಲಾ ಹೇಳಿದಳು. ಇದ್ದಾರೋ ಇಲ್ಲವೋ ತಿಳಿಯಲಿಲ್ಲ. ಅವರಿಗೆ ಉಪಕಾರದ ಒಂದು ಮಾತೂ ಹೇಳಲು ನನಗಾಗಲಿಲ್ಲ. ಅಂದು ಒಳಗೆ ಹೋಗಿ ನೆಲದ ಮೇಲೆ ಬಿದ್ದುಕೊಂಡವಳಿಗೆ ಎಚ್ಚರವಾದಾಗ ಹಗಲೇ ಇತ್ತು. ಆ ದಿನದ ಹಗಲೋ ಮರುದಿನದ್ದೋ ತಿಳಿಯದು. ಬಾಯಿಯವರು ಆಗಲೇ ವಾಡಿಗೆ ಹೊರಟುಹೋಗಿದ್ದರು. ಹೊರಗೆ ಅತ್ತೆ ಯಾರಿಗೋ ಮೆಲ್ಲಗೆ ಗದರುತ್ತಿದ್ದರು.

"ದನಿ ತಗ್ಗಸ್ರಿ. ನಮ್ಮ ಹುಡುಗಿ ಮಲಗ್ಯಾಳ."